ಪೆನ್ಸಿಲ್ ಪೋರ್ಟ್ರೇಟ್‌ನಲ್ಲಿ ಹೋಲಿಕೆ ಬಂದಿದೆ, ಆದರೆ ಚಪ್ಪಟೆ. ಪೋರ್ಟ್‌ಫೋಲಿಯೋಗೆ ಹಾಕಬಹುದಾ?

ಬಿಳಿಹಾಳೆ
ಎಲ್ಲರಿಗೂ ನಮಸ್ಕಾರ. ಫೈನ್ ಆರ್ಟ್ಸ್ ಡಿಗ್ರಿಗೆ ಅರ್ಜಿ ಹಾಕಬೇಕು, ಅದಕ್ಕೆ ಪೋರ್ಟ್‌ಫೋಲಿಯೋ ಜೋಡಿಸುತ್ತಿದ್ದೇನೆ. ಸ್ಟಿಲ್ ಲೈಫ್ ಇದೆ, ಕೈಕಾಲಿನ ಸ್ಟಡಿಗಳಿವೆ (ಅಭ್ಯಾಸದ ಚಿತ್ರಗಳು), ಒಂದಿಷ್ಟು ಬಣ್ಣದ ಕೆಲಸ ಇದೆ. ಒಳ್ಳೆಯ ಪೆನ್ಸಿಲ್ ಪೋರ್ಟ್ರೇಟ್ ಒಂದೂ ಇಲ್ಲ. ಅದಕ್ಕೇ ಅಜ್ಜನ ಫೋಟೋವನ್ನು ಫೋನಿನಲ್ಲಿ ತೆಗೆದು, ಗ್ರಿಡ್ ಹಾಕಿ (ಫೋಟೋ ಮೇಲೂ ಹಾಳೆ ಮೇಲೂ ಚೌಕ ಎಳೆದುಕೊಂಡು), ಎ3 ಹಾಳೆಯ ಮೇಲೆ ಬಿಡಿಸಿದೆ. ಮನೆಯಲ್ಲಿ ಎಲ್ಲರೂ ಥೇಟ್ ಅಜ್ಜನೇ ಅಂದರು. ಆದರೆ ನನಗೆ ಡ್ರಾಯಿಂಗ್ ಹೇಳಿಕೊಡುವ ಮೇಡಂ ಸ್ವಲ್ಪ ಹೊತ್ತು ನೋಡಿ, "ಮುಖ ಇದೆ, ತಲೆ ಇಲ್ಲ" ಅಂದರು.

ಅದು ನನಗೆ ಪೂರ್ತಿ ಅರ್ಥ ಆಗಲಿಲ್ಲ. ಚಿತ್ರ ಚಪ್ಪಟೆಯಾಗಿ ಕಾಣುತ್ತದೆ ಅನ್ನೋದು ಮಾತ್ರ ನಿಜ. ಎಲ್ಲ ಕಡೆ ಒಂದೇ ಥರ ಬೂದು. 2ಬಿ, 4ಬಿ, 6ಬಿ ಮೆತ್ತನೆ ಪೆನ್ಸಿಲ್ ಬಳಸಿದ್ದೇನೆ, ಹತ್ತಿಯಿಂದ ಉಜ್ಜಿ ನುಣುಪು ಮಾಡಿದ್ದೇನೆ. ಇದನ್ನೇ ತಿದ್ದಲಾ, ಹೊಸದು ಮಾಡಲಾ? ಗ್ರಿಡ್ ಹಾಕಿದ್ದು ಗೊತ್ತಾದರೆ ಆಯ್ಕೆ ಮಾಡುವವರು ಬೇಡ ಅನ್ನುತ್ತಾರಾ? ಕೊನೆಯ ದಿನಾಂಕಕ್ಕೆ ಒಂದೂವರೆ ತಿಂಗಳಿದೆ.

ನೆರಳಿನವನು
ಹೊಸದು ಮಾಡಿ. ಹತ್ತಿಯಿಂದ ಉಜ್ಜಿದ ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಪ್ಪು ಪುಡಿ, ಹಾಳೆಯ ಎಳೆಯೊಳಗೆ ಕೂತುಬಿಟ್ಟಿರುತ್ತದೆ. ರಬ್ಬರ್ ಹಾಕಿದರೂ ಪೂರ್ತಿ ಬಿಳಿ ವಾಪಸ್ ಬರುವುದಿಲ್ಲ.

ನಿಮ್ಮ ಮೇಡಂ ಹೇಳಿದ್ದು ಸರಿಯಾಗಿದೆ. ಮುಖ ಅಂದರೆ ಕಣ್ಣು, ಮೂಗು, ಬಾಯಿ. ತಲೆ ಅಂದರೆ ಅವೆಲ್ಲ ಕೂತಿರುವ ದುಂಡನೆಯ ಗಟ್ಟಿ ವಸ್ತು. ಹಣೆ ಮುಂದೆ ನೋಡುತ್ತದೆ, ಕಪೋಲ ಪಕ್ಕಕ್ಕೆ ತಿರುಗುತ್ತದೆ, ಮೂಗಿನ ಅಡಿಭಾಗ ನೆಲ ನೋಡುತ್ತದೆ. ಬೆಳಕು ಒಂದು ಕಡೆಯಿಂದ ಬಂದರೆ ಈ ಮೂರಕ್ಕೂ ಬೇರೆ ಬೇರೆ ಟೋನ್ (ತಿಳಿ-ಗಾಢದ ಮಟ್ಟ) ಇರಲೇಬೇಕು. ನೀವು ಚೌಕ ಚೌಕವಾಗಿ ನೋಡಿ ಬಿಡಿಸಿದ್ದೀರಿ. ಒಂದೊಂದು ಚೌಕದ ಒಳಗೆ ಎಲ್ಲ ಸರಿ ಇದೆ, ಆದರೆ ಇಡೀ ತಲೆಯಲ್ಲಿ ಬೆಳಕಿನ ಕಡೆ ಯಾವುದು, ನೆರಳಿನ ಕಡೆ ಯಾವುದು ಅನ್ನೋ ತೀರ್ಮಾನ ಆಗಿಲ್ಲ.

ಒಂದು ಕೆಲಸ ಮಾಡಿ. ಕಣ್ಣನ್ನು ಅರೆ ಮುಚ್ಚಿ ಫೋಟೋ ನೋಡಿ. ಎರಡೇ ಭಾಗ ಕಾಣುತ್ತದೆ, ಬೆಳಕು ಮತ್ತು ನೆರಳು. ಆಮೇಲೆ ಅದೇ ಥರ ನಿಮ್ಮ ಚಿತ್ರ ನೋಡಿ. ಆ ಎರಡು ಭಾಗ ಕಾಣದಿದ್ದರೆ ಎಷ್ಟು ಶೇಡಿಂಗ್ ಮಾಡಿದರೂ ಉಪಯೋಗ ಇಲ್ಲ.

ಕಣ್ಣಳತೆ
ಗ್ರಿಡ್ಡೇ ಸಮಸ್ಯೆ. ಫೋಟೋ ಮೇಲೆ ಚೌಕ ಹಾಕಿ ಕಾಪಿ ಮಾಡೋದು ಡ್ರಾಯಿಂಗ್ ಅಲ್ಲ. ಪೋರ್ಟ್‌ಫೋಲಿಯೋದಲ್ಲಿ ನೋಡೋದು ನಿಮ್ಮ ಕಣ್ಣನ್ನು, ನಿಮ್ಮ ತಾಳ್ಮೆಯನ್ನಲ್ಲ. ಎದುರಿಗೆ ಮನುಷ್ಯನನ್ನು ಕೂರಿಸಿ ಬಿಡಿಸಿ, ಅಷ್ಟೇ.

ನುಣುಪು
ಕಣ್ಣಳತೆ ಅವರೇ, ಇದು ತುಂಬಾ ಕಟುವಾಯಿತು. ಇಟಲಿಯ ಆಲ್ಬರ್ಟಿ 1435ರಲ್ಲೇ ದಾರದ ಚೌಕಗಳಿರುವ ತೆಳು ಪರದೆ ಹಿಡಿದು ಚಿತ್ರ ಬಿಡಿಸುವ ಬಗ್ಗೆ ಬರೆದಿದ್ದಾನೆ. ಜರ್ಮನಿಯ ಕಲಾವಿದ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಮರದಚ್ಚಿನ ಚಿತ್ರದಲ್ಲಿ ಕಲಾವಿದ ಗಾಜಿನ ಹಲಗೆಯ ಮೂಲಕ ನೋಡಿಕೊಂಡು ಎದುರಿಗೆ ಕೂತವನ ಪೋರ್ಟ್ರೇಟ್ ಬಿಡಿಸುತ್ತಿದ್ದಾನೆ. ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ಅಷ್ಟು ದೊಡ್ಡ ಮುಖಗಳನ್ನು ಬಿಡಿಸಿದ್ದು ಫೋಟೋ ಮೇಲೆ ಗ್ರಿಡ್ ಹಾಕಿಯೇ. ಅವರಿಗೆ ಜನರ ಮುಖ ಗುರುತು ಹಿಡಿಯೋಕೇ ಆಗದ ತೊಂದರೆ ಇತ್ತು. ಸಾಧನ ಬಳಸಿದ ಮಾತ್ರಕ್ಕೆ ಡ್ರಾಯಿಂಗ್ ಅಲ್ಲ ಅನ್ನೋದು ನ್ಯಾಯ ಅಲ್ಲ.

ನಾನು ಹೈಪರ್‌ರಿಯಲಿಸ್ಟಿಕ್ ಕೆಲಸ, ಅಂದರೆ ಫೋಟೋದಷ್ಟೇ ನಿಖರವಾದ ಚಿತ್ರ, ಮಾಡುತ್ತೇನೆ. ಚರ್ಮದ ಒಂದು ಇಂಚು ಜಾಗಕ್ಕೆ ಒಂದು ಸಂಜೆ ಹೋಗುತ್ತದೆ. ಅದೂ ನೋಡುವ ಕೆಲಸವೇ ತಾನೆ?

ಕಣ್ಣಳತೆ
ಆಲ್ಬರ್ಟಿಯ ಪರದೆಯ ಆಚೆ ಇದ್ದದ್ದು ನಿಜವಾದ ಮನುಷ್ಯ, ಫೋಟೋ ಅಲ್ಲ. ಡ್ಯೂರರ್ ಚಿತ್ರದಲ್ಲೂ ಅಷ್ಟೇ. ಮೂರು ಆಯಾಮದ್ದನ್ನು ಎರಡಕ್ಕೆ ಇಳಿಸುವ ಕೆಲಸ ಅವರೇ ಮಾಡುತ್ತಿದ್ದರು. ಫೋಟೋ ಇಟ್ಟುಕೊಂಡರೆ ಆ ಕೆಲಸ ಕ್ಯಾಮೆರಾ ಮಾಡಿ ಮುಗಿಸಿರುತ್ತದೆ.

ಡ್ರಾಯಿಂಗ್ ಮೇಷ್ಟ್ರು
ಕೆಲವು ವರ್ಷ ಪೋರ್ಟ್‌ಫೋಲಿಯೋ ನೋಡುವ ಸಮಿತಿಯಲ್ಲಿ ಕೂತವನು ನಾನು. ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ.

ಒಂದು ಪೋರ್ಟ್‌ಫೋಲಿಯೋ ಮೇಲೆ ಕೆಲವು ನಿಮಿಷ ಸಿಗುತ್ತದೆ, ಅಷ್ಟೇ. ಸಿನಿಮಾ ತಾರೆಯ ಫೋಟೋ ನೋಡಿ ಬಿಡಿಸಿದ ನುಣುಪಾದ ಪೋರ್ಟ್ರೇಟ್‌ಗಳು ರಾಶಿ ರಾಶಿ ಬರುತ್ತವೆ. ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳಿಂದ ಆ ವಿದ್ಯಾರ್ಥಿ ಏನು ನೋಡಿದ, ಏನು ಬಿಟ್ಟ, ಎಲ್ಲಿ ನಿರ್ಧಾರ ಬದಲಿಸಿದ ಅಂತ ತಿಳಿಯುವುದಿಲ್ಲ. ಆ ಬೆಳಕು, ಆ ಕೋನ, ಆ ಕ್ರಾಪ್ ಎಲ್ಲ ಬೇರೆ ಯಾರೋ ಫೋಟೋಗ್ರಾಫರ್ ಮಾಡಿದ್ದು. ಅದರ ಹಕ್ಕೂ ನಿಮ್ಮದಲ್ಲ. ನೀವು ನಿಮ್ಮ ಅಜ್ಜನ ಫೋಟೋವನ್ನು ನೀವೇ ತೆಗೆದಿದ್ದೀರಿ, ಅಷ್ಟರ ಮಟ್ಟಿಗೆ ನೀವು ಮುಂದಿದ್ದೀರಿ.

ಅದೇ ಜಾಗದಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿ ಬಿಡಿಸಿದ ಪೋರ್ಟ್ರೇಟ್ ಬಂದರೆ ನಾವು ನಿಲ್ಲುತ್ತಿದ್ದೆವು. ದವಡೆಯ ಗೆರೆ ಎರಡು ಸಲ ಬದಲಾಗಿರುತ್ತದೆ, ಕಿವಿ ಅರ್ಧಕ್ಕೆ ಬಿಟ್ಟಿರುತ್ತದೆ, ಆದರೂ ಕುತ್ತಿಗೆಯ ಮೇಲೆ ತಲೆ ಸರಿಯಾಗಿ ಕೂತಿರುತ್ತದೆ. ಅಂಥವರಿಗೆ ಕಲಿಸಬಹುದು ಅಂತ ಗೊತ್ತಾಗುತ್ತದೆ.

ಗ್ರಿಡ್ ಹಾಕಿದ್ದಕ್ಕೆ ಯಾರೂ ತಿರಸ್ಕರಿಸುವುದಿಲ್ಲ. ಆದರೆ ಪೋರ್ಟ್‌ಫೋಲಿಯೋದಲ್ಲಿ ಇರುವ ಒಂದೇ ಮುಖ ಗ್ರಿಡ್‌ನದ್ದಾದರೆ, ಎದುರಿಗೆ ಕೂತವರನ್ನು ಬಿಡಿಸೋಕೆ ಬರುತ್ತದಾ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತದೆ. ಇನ್ನೊಂದು ಮಾತು. ನೀವು ಅರ್ಜಿ ಹಾಕುವ ಕಡೆಯ ಸೂಚನೆಗಳನ್ನು ಸರಿಯಾಗಿ ಓದಿ. ಕೆಲವರು ಫೋಟೋ ನೋಡಿ ಬಿಡಿಸಿದ್ದು ಬೇಡ ಅಂತ ನೇರವಾಗಿ ಬರೆದಿರುತ್ತಾರೆ. ಎಷ್ಟು ಚಿತ್ರ, ಯಾವ ಅಳತೆ ಅನ್ನೋದೂ ಎಲ್ಲ ಕಡೆ ಒಂದೇ ಇರುವುದಿಲ್ಲ.

ಎರಡನೇ ಸೆಮಿಸ್ಟರ್
ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಮತ. ನನ್ನ ಇಂಟರ್‌ವ್ಯೂನಲ್ಲಿ ಫಿನಿಶ್ ಆದ ಪೋರ್ಟ್ರೇಟ್‌ಗಿಂತ ಸ್ಕೆಚ್‌ಬುಕ್ ಮೇಲೆ ಜಾಸ್ತಿ ಹೊತ್ತು ಮಾತಾಡಿದರು. ಬಸ್‌ನಲ್ಲಿ ನಿದ್ದೆ ಮಾಡುತ್ತಿದ್ದವರ ತಲೆಗಳು, ಅಮ್ಮ ಫೋನ್ ನೋಡುತ್ತಿರುವುದು, ಅಂಥವು. ಬಿಳಿಹಾಳೆ, ಆ ಅಜ್ಜನ ಚಿತ್ರಕ್ಕೆ ಮೊದಲು ಮಾಡಿದ ಚಿಕ್ಕ ಚಿಕ್ಕ ಸ್ಟಡಿಗಳಿದ್ದರೆ ಎಸೆಯಬೇಡಿ.

ಬಿಳಿಹಾಳೆ
ಸ್ಟಡಿಗಳು ಇಲ್ಲ, ನೇರ ಗ್ರಿಡ್‌ಗೆ ಹೋದೆ. ಸರಿ, ಎದುರಿಗೆ ಕೂರಿಸಿಯೇ ಮಾಡುತ್ತೇನೆ. ಆದರೆ ಅಜ್ಜ ಐದು ನಿಮಿಷ ಸುಮ್ನೆ ಕೂರುವವರಲ್ಲ. ಅಳತೆ ತಪ್ಪಿದರೆ ಹೋಲಿಕೆಯೂ ಹೋಗುತ್ತದಲ್ಲ, ಆ ಭಯ.

ನೆರಳಿನವನು
ಅಳತೆಗೆ ದೊಡ್ಡ ವಿದ್ಯೆ ಬೇಡ. ಪೆನ್ಸಿಲ್ ಹಿಡಿದು ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ ಅಳೆಯಿರಿ. ಮೊಣಕೈ ಸ್ವಲ್ಪ ಮಡಚಿದರೂ ಪ್ರತಿ ಸಲ ಬೇರೆ ಅಳತೆ ಬರುತ್ತದೆ. ಮೊದಲು ತಲೆಯ ಎತ್ತರ ಮತ್ತು ಅಗಲ. ಅದು ಸರಿಯಾಗುವ ತನಕ ಕಣ್ಣು, ಮೂಗು ಮುಟ್ಟಬೇಡಿ.

ಕಣ್ಣಿನ ಗೆರೆ ತಲೆಯ ಎತ್ತರದ ಅರ್ಧಕ್ಕೆ ಬರುತ್ತದೆ. ಕೂದಲು ಸೇರಿಸದೆ, ಬುರುಡೆಯ ತುದಿಯಿಂದ ಗದ್ದದ ತುದಿಗೆ ಅಳೆದಾಗ. ತುಂಬಾ ಜನ ಕಣ್ಣನ್ನು ಮೇಲೆ ಹಾಕಿ ಹಣೆಯನ್ನು ಕತ್ತರಿಸಿಬಿಡುತ್ತಾರೆ. ಎರಡು ಕಣ್ಣಿನ ನಡುವೆ ಹೆಚ್ಚುಕಡಿಮೆ ಒಂದು ಕಣ್ಣಿನ ಅಗಲ. ಇವೆಲ್ಲ ನೇರ ನೋಡುವ ಮುಖಕ್ಕೆ, ಅದೂ ಸರಾಸರಿ. ನಿಮ್ಮ ಅಜ್ಜ ಸರಾಸರಿಯಿಂದ ಎಲ್ಲಿ ಬೇರೆ ಆಗುತ್ತಾರೋ ಅಲ್ಲೇ ಹೋಲಿಕೆ ಇರುವುದು. ವಯಸ್ಸಾದವರಲ್ಲಿ ಕಿವಿ ಮತ್ತು ಮೂಗಿನ ತುದಿ ಇಳಿದಿರುತ್ತದೆ, ತುಟಿ ತೆಳುವಾಗಿರುತ್ತದೆ. ಅದನ್ನೆಲ್ಲ ಅಳೆದು ನೋಡಿ, ಊಹೆ ಮಾಡಬೇಡಿ.

ಮತ್ತೆ ಡ್ರಾಯಿಂಗ್ ಬೋರ್ಡ್ ಮೇಜಿನ ಮೇಲೆ ಮಲಗಿಸಿ ಬಿಡಿಸಬೇಡಿ. ಹಾಳೆಯ ಮೇಲ್ಭಾಗ ಕಣ್ಣಿಗೆ ದೂರ, ಕೆಳಭಾಗ ಹತ್ತಿರ ಆಗುತ್ತದೆ. ಎತ್ತಿ ನಿಲ್ಲಿಸಿ ನೋಡಿದಾಗ ತಲೆ ಮೇಲಕ್ಕೆ ಎಳೆದ ಹಾಗೆ ಉದ್ದವಾಗಿರುತ್ತದೆ. ಬೋರ್ಡ್ ಓರೆಯಾಗಿ ನಿಲ್ಲಿಸಿ, ಆಗಾಗ ಎದ್ದು ಹಿಂದೆ ಹೋಗಿ ನೋಡಿ.

ಫ್ಲ್ಯಾಶ್ ಆಫ್
ಫೋಟೋ ಬಗ್ಗೆ ಒಂದು ಮಾತು. ಅಜ್ಜನ ಫೋಟೋ ಎಷ್ಟು ಹತ್ತಿರದಿಂದ ತೆಗೆದಿರಿ? ಫೋನನ್ನು ಒಂದು ಮೊಳ ದೂರದಲ್ಲಿ ಹಿಡಿದು ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಸರಿದು ಕಾಣುತ್ತದೆ. ಗ್ರಿಡ್ ಹಾಕಿದರೆ ಆ ತಪ್ಪೂ ಪಕ್ಕಾ ಅಳತೆಯಲ್ಲಿ ಕಾಪಿ ಆಗುತ್ತದೆ.

ಚೂಪು
ಅದು ಫೋನಿನ ವೈಡ್ ಲೆನ್ಸ್‌ನಿಂದ ಆಗೋದು.

ಫ್ಲ್ಯಾಶ್ ಆಫ್
ಲೆನ್ಸ್ ಅಲ್ಲ, ದೂರ. ಒಂದೇ ಜಾಗದಲ್ಲಿ ನಿಂತು ವೈಡ್‌ನಲ್ಲಿ ತೆಗೆದು ಕ್ರಾಪ್ ಮಾಡಿ, ಆಮೇಲೆ ಅಲ್ಲಿಂದಲೇ ಝೂಮ್ ಲೆನ್ಸ್‌ನಲ್ಲಿ ತೆಗೆಯಿರಿ. ಮುಖದ ಅಳತೆ ಎರಡರಲ್ಲೂ ಒಂದೇ ಇರುತ್ತದೆ. ವೈಡ್ ಲೆನ್ಸ್ ಇದ್ದರೆ ಫ್ರೇಮ್ ತುಂಬಿಸೋಕೆ ನಾವು ಹತ್ತಿರ ಹೋಗುತ್ತೇವೆ, ಅದೇ ಕಾರಣ. ಎರಡು ಮೀಟರ್ ಹಿಂದೆ ನಿಂತು ಝೂಮ್ ಮಾಡಿ ತೆಗೆದರೆ ಸಾಕು. ಬೆಳಕು ಒಂದು ಕಡೆಯಿಂದ ಮಾತ್ರ ಬರಲಿ, ಕಣ್ಣಿಗಿಂತ ಸ್ವಲ್ಪ ಮೇಲಿನಿಂದ. ಕಿಟಕಿ ಪಕ್ಕ ಕೂರಿಸಿ, ಕೋಣೆಯ ಲೈಟ್ ಆರಿಸಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಮುಖದ ನೆರಳೆಲ್ಲ ಹೋಗುತ್ತದೆ. ನಿಮ್ಮ ಚಿತ್ರ ಚಪ್ಪಟೆ ಆಗಿದ್ದಕ್ಕೆ ಅರ್ಧ ಕಾರಣ ಅಲ್ಲೇ ಇರಬಹುದು.

ಬಿಳಿಹಾಳೆ
ಹೌದು, ಟ್ಯೂಬ್‌ಲೈಟ್ ಕೆಳಗೆ ಹತ್ತಿರದಿಂದ ತೆಗೆದಿದ್ದು. ಈಗ ಫೋಟೋ ತೆರೆದು ನೋಡಿದೆ, ಮೂಗಿನ ಕೆಳಗೆ ಬಿಟ್ಟರೆ ಎಲ್ಲೂ ನೆರಳೇ ಇಲ್ಲ.

ಇದ್ದಿಲು
ಪೆನ್ಸಿಲ್ ಬಿಟ್ಟು ಇದ್ದಿಲು ಹಿಡಿಯಿರಿ ಅಂತ ನನ್ನ ಸಲಹೆ. ಗ್ರಾಫೈಟ್‌ನಲ್ಲಿ ಎಷ್ಟು ಒತ್ತಿದರೂ ನಿಜವಾದ ಕಪ್ಪು ಬರುವುದಿಲ್ಲ, ಒತ್ತಿದಷ್ಟೂ ಹೊಳೆಯುತ್ತದೆ. ಅಜ್ಜನ ಕಪ್ಪು ಕೋಟೋ ಕೂದಲೋ ಇದ್ದರೆ ಆ ಹೊಳಪು ಚಿತ್ರ ಕೆಡಿಸುತ್ತದೆ.

ಚೂಪು
ಅವರು ಕೇಳಿದ್ದು ಪೆನ್ಸಿಲ್ ಪೋರ್ಟ್ರೇಟ್. ಮ್ಯಾಟ್ ಗ್ರಾಫೈಟ್ ಪೆನ್ಸಿಲ್‌ಗಳು ಬಂದಿವೆ, ಕಾರ್ಬನ್ ಸೇರಿಸಿದ ಪೆನ್ಸಿಲ್‌ಗಳೂ ಇವೆ. ತೀರಾ ಕಪ್ಪು ಜಾಗಕ್ಕೆ ಅವು ಸಾಕು. ಆದರೆ ಒತ್ತಿ ಹಚ್ಚಿದ ಗ್ರಾಫೈಟ್ ಮೇಲೆ ಇದ್ದಿಲು ಸರಿಯಾಗಿ ಹಿಡಿಯುವುದಿಲ್ಲ, ಜಾರುತ್ತದೆ. ಎಲ್ಲಿ ಕಡುಕಪ್ಪು ಬೇಕು ಅಂತ ಮೊದಲೇ ಗುರುತಿಸಿ ಅಲ್ಲಿ ಕಾರ್ಬನ್ ಮೊದಲು ಹಾಕಿ.

ಬಿಳಿಹಾಳೆ, ನೀವು 2ಬಿಯಿಂದ ಶುರು ಮಾಡಿದ್ದೀರಿ. ಬೆಳಕಿನ ಕಡೆಗೆ ಎಚ್ ಪೆನ್ಸಿಲ್‌ಗಳು ಬೇಕೇ ಬೇಕು. ಪೆನ್ಸಿಲ್ ಒಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಫ್ರಾನ್ಸಿನ ಕಾಂಟೆ 1795ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿ ಇದ್ದರೆ ಗಟ್ಟಿ, ಅದು ಎಚ್. ಗ್ರಾಫೈಟ್ ಜಾಸ್ತಿ ಇದ್ದರೆ ಮೆತ್ತಗೆ, ಅದು ಬಿ. ಹಣೆಯ ಮೇಲಿನ ತಿಳಿ ಟೋನನ್ನು 2ಎಚ್‌ನಲ್ಲಿ ಪದರ ಪದರವಾಗಿ ತಂದರೆ ಚರ್ಮ ಕಾಣುತ್ತದೆ. ಅದನ್ನೇ 4ಬಿ ಸವರಿ ಉಜ್ಜಿದರೆ ಮಂಕು ಬೂದು. 2ಎಚ್, ಎಚ್‌ಬಿ, 2ಬಿ, 4ಬಿ, ಒಂದು ಕಾರ್ಬನ್, ಇಷ್ಟು ಸಾಕು. ಇಡೀ ಸೆಟ್ ಕೊಳ್ಳಬೇಕಿಲ್ಲ. ಎಚ್ ಪೆನ್ಸಿಲ್ ಒತ್ತಬೇಡಿ, ಹಾಳೆಯಲ್ಲಿ ಗೀರು ಬಿದ್ದರೆ ಮೇಲೆ ಏನು ಹಚ್ಚಿದರೂ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ.

ಸುಮ್ನೆ ಓದುಗ
0.5 ಮೆಕ್ಯಾನಿಕಲ್ ಪೆನ್ಸಿಲ್ ಒಂದರಲ್ಲೇ ಪೂರ್ತಿ ಮಾಡಬಹುದು ಅಂತಾರಲ್ಲ?

ಚೂಪು
ಮಾಡಬಹುದು, ಆದರೆ ಅಗಲದ ಜಾಗ ತುಂಬಿಸೋಕೆ ತುಂಬಾ ಹೊತ್ತು ಹಿಡಿಯುತ್ತದೆ. ರೆಪ್ಪೆ, ಹುಬ್ಬು, ಸಣ್ಣ ಸುಕ್ಕಿಗೆ ಚೆನ್ನಾಗಿದೆ. ನಾನಂತೂ ಬ್ಲೇಡಿನಿಂದ ಸೀಸವನ್ನು ಉದ್ದ ಬಿಟ್ಟು ಕೆತ್ತುತ್ತೇನೆ. ಮೊನೆಯಿಂದ ಗೆರೆ, ಪಕ್ಕದಿಂದ ಅಗಲ ಟೋನ್, ಎರಡೂ ಒಂದೇ ಪೆನ್ಸಿಲ್‌ನಲ್ಲಿ ಸಿಗುತ್ತದೆ. ಶಾರ್ಪನರ್‌ನಲ್ಲಿ ಅದು ಆಗುವುದಿಲ್ಲ.

ನುಣುಪು
ಉಜ್ಜುವುದನ್ನೇ ಎಲ್ಲರೂ ಬೈಯುತ್ತಿದ್ದೀರಿ. ಪೇಪರ್ ಸ್ಟಂಪ್ (ಉಜ್ಜಲು ಬಳಸುವ, ಬಿಗಿಯಾಗಿ ಸುತ್ತಿದ ಕಾಗದದ ಕಡ್ಡಿ) ತಪ್ಪಲ್ಲ. ಹತ್ತಿಯಿಂದ ಇಡೀ ಮುಖ ಒಂದೇ ಸಲ ಉಜ್ಜಿದ್ದು ತಪ್ಪು. ಅಂಚುಗಳೆಲ್ಲ ಮಾಯವಾಗುತ್ತವೆ. ಕಪೋಲ ತಿರುಗುವ ಕಡೆ ಅಂಚು ಮೃದು ಬೇಕು, ಮೂಗಿನ ನೆರಳು ಕೆನ್ನೆ ಮೇಲೆ ಬೀಳುವ ಕಡೆ ಅಂಚು ಗಟ್ಟಿ ಬೇಕು. ಎಲ್ಲೆಲ್ಲಿ ಯಾವುದು ಅಂತ ನೋಡಿ ಉಜ್ಜಿ. ಬೆರಳಿನಿಂದ ಮಾತ್ರ ಬೇಡ, ಚರ್ಮದ ಎಣ್ಣೆ ಹಾಳೆಗೆ ಹತ್ತಿ ಕಲೆ ನಿಲ್ಲುತ್ತದೆ. ಅಂಗೈ ಕೆಳಗೆ ಒಂದು ಶುದ್ಧ ಹಾಳೆ ಇಟ್ಟುಕೊಳ್ಳಿ.

ಕಣ್ಣಳತೆ
ಇದನ್ನು ಒಪ್ಪುತ್ತೇನೆ.

ಡ್ರಾಯಿಂಗ್ ಮೇಷ್ಟ್ರು
ಅಜ್ಜ ಸುಮ್ಮನೆ ಕೂರುವುದಿಲ್ಲ ಅಂದಿರಲ್ಲ, ಅದಕ್ಕೆ ದಾರಿ ಇದೆ. ಮಾಡೆಲ್‌ಗಳನ್ನೂ ಒಂದೇ ಸಮನೆ ಕೂರಿಸುವುದಿಲ್ಲ. ಇಪ್ಪತ್ತು ನಿಮಿಷ ಕೂರುವುದು, ಐದು ನಿಮಿಷ ಎದ್ದು ಓಡಾಡುವುದು. ಕುರ್ಚಿಯ ಕಾಲು, ಪಾದ ಇದ್ದ ಜಾಗಕ್ಕೆ ನೆಲದ ಮೇಲೆ ಟೇಪ್ ಹಚ್ಚಿ. ತಲೆ ಒರಗಿಸುವ ಕುರ್ಚಿ ಕೊಡಿ. ಎದುರಿನ ಗೋಡೆಯ ಮೇಲೆ ಒಂದು ಗುರುತು ತೋರಿಸಿ, ವಾಪಸ್ ಬಂದಾಗ ಅದನ್ನೇ ನೋಡಲಿ. ದಿನಾ ಒಂದೇ ಹೊತ್ತಿಗೆ ಕೂರಿಸಿ, ಇಲ್ಲದಿದ್ದರೆ ಕಿಟಕಿಯ ಬೆಳಕು ಬದಲಾಗಿ ನೆರಳು ಬೇರೆ ಕಡೆ ಹೋಗಿರುತ್ತದೆ.

ಅವರು ಎದ್ದು ಹೋದರೂ ಪರವಾಗಿಲ್ಲ. ಆ ಹೊತ್ತಿನಲ್ಲಿ ಬಟ್ಟೆ, ಹಿನ್ನೆಲೆ ಮಾಡಿ. ಫ್ರೆಂಚ್ ಕಲಾವಿದ ಎಂಗ್ರ್ ರೋಮ್‌ನಲ್ಲಿದ್ದಾಗ ಮಾಡಿದ ಪೆನ್ಸಿಲ್ ಪೋರ್ಟ್ರೇಟ್‌ಗಳನ್ನು ಹುಡುಕಿ ನೋಡಿ. ತಲೆ ಪೂರ್ತಿ ಮಾಡಿರುತ್ತಾರೆ, ಕೋಟು, ತೋಳು, ಕೈ ಬರೀ ಗೆರೆಗಳಲ್ಲಿ ಹೋಗಿಬಿಡುತ್ತದೆ. ಎ3 ಹಾಳೆಯ ಮೂಲೆ ಮೂಲೆ ತುಂಬಿಸಬೇಕು ಅನ್ನೋ ಒತ್ತಡ ನಿಮಗೆ ಬೇಡ.

ಅಜ್ಜ ಕೈಕೊಟ್ಟರೆ ಕನ್ನಡಿ ಇದೆ. ಜರ್ಮನ್ ಕಲಾವಿದೆ ಕೇಥೆ ಕೋಲ್‌ವಿಟ್ಸ್ ಬದುಕಿನ ಉದ್ದಕ್ಕೂ ತಮ್ಮ ಮುಖವನ್ನೇ ಬಿಡಿಸಿದರು. ಸೆಲ್ಫ್ ಪೋರ್ಟ್ರೇಟ್ ಒಂದನ್ನು ಎಷ್ಟೋ ಕಡೆ ಕೇಳಿಯೇ ಕೇಳುತ್ತಾರೆ.

ಬಿಳಿಹಾಳೆ
ಎರಡು ಸಂಜೆ ಅಜ್ಜನನ್ನು ಕಿಟಕಿ ಪಕ್ಕ ಕೂರಿಸಿ ಬಿಡಿಸಿದೆ. ರೇಡಿಯೋ ಹಾಕಿಕೊಟ್ಟರೆ ಕೂರುತ್ತಾರೆ! ತಲೆಯ ಆಕಾರ ಈಗ ಬಂದಿದೆ, ಮೇಡಂ ಕೂಡ ಅದನ್ನೇ ಅಂದರು. ಈಗ ಎರಡು ತೊಂದರೆ. ಸುಕ್ಕುಗಳನ್ನು ಹಾಕಿದರೆ ಮುಖದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಮತ್ತೆ ಕನ್ನಡಕ. ಅದನ್ನು ತೆಗೆಸಿದರೆ ಅಜ್ಜ ಅಜ್ಜನೇ ಅಲ್ಲ.

ನೆರಳಿನವನು
ಕನ್ನಡಕ ತೆಗೆಸಬೇಡಿ. ಮೊದಲು ಕಣ್ಣು, ಆಮೇಲೆ ಫ್ರೇಮ್. ಫ್ರೇಮ್ ಕೆನ್ನೆಯ ಮೇಲೆ ಬೀಳಿಸುವ ನೆರಳನ್ನು ಮರೆಯಬೇಡಿ. ಅದರಿಂದಲೇ ಕನ್ನಡಕ ಮುಖದಿಂದ ಮುಂದೆ ನಿಲ್ಲುತ್ತದೆ. ಮೈನಸ್ ಪವರ್ ಇದ್ದರೆ ಗಾಜಿನೊಳಗೆ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಕೆನ್ನೆಯ ಅಂಚು ಒಳಕ್ಕೆ ಸರಿದಿರುತ್ತದೆ. ಪ್ಲಸ್ ಆದರೆ ಕಣ್ಣು ದೊಡ್ಡದು. ಅದನ್ನು ಸರಿಪಡಿಸಲು ಹೋಗಬೇಡಿ, ಕಂಡ ಹಾಗೇ ಬಿಡಿಸಿ.

ಸುಕ್ಕು ಗೆರೆ ಅಲ್ಲ, ಬಟ್ಟೆಯ ಮಡಿಕೆ ಇದ್ದ ಹಾಗೆ. ಒಂದು ಬದಿ ಬೆಳಕಿಗೆ ತಿರುಗಿರುತ್ತದೆ, ಇನ್ನೊಂದು ಬದಿ ನೆರಳಿಗೆ. ನೆರಳಿನ ಬದಿಗೆ ಟೋನ್ ಹಾಕಿ, ಬೆಳಕಿನ ಬದಿಯನ್ನು ನೀಡೆಡ್ ರಬ್ಬರ್ (ಹಿಟ್ಟಿನಂತೆ ಮೆತ್ತಗಿರುವ ರಬ್ಬರ್) ನಾದಿ ಚೂಪು ಮಾಡಿ ಎತ್ತಿ. ಎಲ್ಲ ಸುಕ್ಕನ್ನೂ ಹಾಕಬೇಕಾಗಿಲ್ಲ. ಬೆಳಕು ನೆರಳು ಸೇರುವ ಗಡಿಯಲ್ಲಿ ಸುಕ್ಕು ಚೆನ್ನಾಗಿ ಕಾಣುತ್ತದೆ, ಪೂರ್ತಿ ಬೆಳಕಿನಲ್ಲಿ ಕರಗಿರುತ್ತದೆ.

ಇನ್ನೊಂದು, ಕಣ್ಣಿನ ಬಿಳಿ ಬಿಳಿಯಲ್ಲ. ಅದು ಗುಂಡು, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಕಣ್ಣಿನ ಹೊಳಪಿನ ಚುಕ್ಕಿ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಟೋನ್ ಬೇಕು.

ಎರಡನೇ ಸೆಮಿಸ್ಟರ್
ಕೂದಲಿಗೂ ಇದೇ. ಒಂದೊಂದು ಎಳೆ ಎಳೆಯುತ್ತಾ ಕೂರಬೇಡಿ. ಮೊದಲು ಗುಂಪಾಗಿ ನೆರಳು ಹಾಕಿ, ಅಂಚಿನಲ್ಲಿ ಮಾತ್ರ ನಾಲ್ಕಾರು ಎಳೆ.

ನುಣುಪು
ನಾನು ಎಳೆ ಎಳೆಯಾಗಿಯೇ ಮಾಡುತ್ತೇನೆ, ಚೆನ್ನಾಗಿಯೇ ಬರುತ್ತದೆ. ಆದರೆ ಒಂದೂವರೆ ತಿಂಗಳಲ್ಲಿ ಪೋರ್ಟ್‌ಫೋಲಿಯೋ ಮುಗಿಸಬೇಕಾದವರಿಗೆ ಈ ಸಲಹೆಯೇ ಸರಿ. ಬಿಳಿಹಾಳೆ, ಗ್ರಿಡ್ ಚಿತ್ರವನ್ನೂ ಇಟ್ಟುಕೊಳ್ಳಿ. ಕೇಳಿದರೆ ಎರಡನ್ನೂ ಪಕ್ಕಪಕ್ಕ ತೋರಿಸಬಹುದು.

ಕಣ್ಣಳತೆ
ಬೇಡ. ಹತ್ತು ಒಳ್ಳೆಯದರ ಜೊತೆ ಒಂದು ಚಪ್ಪಟೆ ಇದ್ದರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಡ್ರಾಯಿಂಗ್ ಮೇಷ್ಟ್ರು
ಪೋರ್ಟ್‌ಫೋಲಿಯೋ ಒಳಗೆ ಬೇಡ, ಕಣ್ಣಳತೆ ಹೇಳಿದ್ದು ಸರಿ. ಸ್ಕೆಚ್‌ಬುಕ್‌ನಲ್ಲಿ ಅದರ ಚಿಕ್ಕ ಪ್ರಿಂಟ್ ಅಂಟಿಸಿ, ಪಕ್ಕದಲ್ಲಿ ಕಿಟಕಿ ಬಳಿ ಮಾಡಿದ ಸ್ಟಡಿಗಳಿರಲಿ. ಕೆಳಗೆ ಏನು ಬದಲಾಯಿತು ಅಂತ ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ.

ಬಿಳಿಹಾಳೆ
ಹಾಗೇ ಮಾಡುತ್ತೇನೆ ಸರ್. ಕೊನೆಯ ಪ್ರಶ್ನೆ: ಮುಗಿದ ಮೇಲೆ ಫಿಕ್ಸೆಟಿವ್ (ಪೆನ್ಸಿಲ್ ಪುಡಿ ಅಳಿಸದ ಹಾಗೆ ಹಿಡಿಯುವ ಸ್ಪ್ರೇ) ಹೊಡೆಯಬೇಕಾ? ಅರ್ಜಿ ಆನ್‌ಲೈನ್, ಅಂದರೆ ಫೋಟೋ ಕಳಿಸಬೇಕು. ಇಂಟರ್‌ವ್ಯೂಗೆ ಮೂಲ ಚಿತ್ರ ಒಯ್ಯಬೇಕು.

ಇದ್ದಿಲು
ಒಯ್ಯುವುದಾದರೆ ಹೊಡೆಯಿರಿ. ಬಯಲಲ್ಲಿ ಅಥವಾ ಗಾಳಿ ಆಡುವ ಕಡೆ, ಒಂದಡಿ ದೂರದಿಂದ, ತೆಳುವಾಗಿ ಎರಡು ಮೂರು ಸಲ. ಒಂದೇ ಸಲ ತೋಯಿಸಬೇಡಿ, ಹನಿ ನಿಂತರೆ ಕಲೆ. ಮೊದಲು ಅದೇ ಹಾಳೆಯ ತುಂಡಿನ ಮೇಲೆ ನೋಡಿ, ಕೆಲವು ಸ್ಪ್ರೇಗಳಿಂದ ಟೋನ್ ಸ್ವಲ್ಪ ಗಾಢವಾಗುತ್ತದೆ. ಮೇಲೆ ಒಂದು ಗ್ಲಾಸಿನ್ ಹಾಳೆ (ನುಣುಪಾದ ತೆಳು ಹಾಳೆ) ಹಾಕಿ ಫೋಲ್ಡರ್‌ನಲ್ಲಿಡಿ.

ಫ್ಲ್ಯಾಶ್ ಆಫ್
ಸ್ಪ್ರೇ ಹೊಡೆಯುವ ಮೊದಲೇ ಫೋಟೋ ತೆಗೆದುಬಿಡಿ, ಏನಾದರೂ ಕೆಟ್ಟರೂ ಅರ್ಜಿಗೆ ಚಿತ್ರ ಇರುತ್ತದೆ. ಮನೆಯ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎ4ಗೇ ಮುಗಿಯುತ್ತವೆ, ಮೇಲಾಗಿ 2ಎಚ್‌ನ ತಿಳಿ ಟೋನ್ ಸ್ಕ್ಯಾನ್‌ನಲ್ಲಿ ಹಾರಿಹೋಗುತ್ತದೆ. ಮೋಡ ಇರುವ ದಿನ ಹೊರಗಿನ ನೆರಳಿನಲ್ಲಿ ಚಿತ್ರ ನಿಲ್ಲಿಸಿ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು, ಸ್ವಲ್ಪ ಹಿಂದೆ ನಿಂತು ತೆಗೆಯಿರಿ. ಬಿಳಿ ಹಾಳೆ ಜಾಸ್ತಿ ಇದ್ದರೆ ಫೋನ್ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ ಒಂಚೂರು ಏರಿಸಿ. ಗ್ರಾಫೈಟ್ ಹೊಳೆಯುತ್ತಿದ್ದರೆ ಚಿತ್ರವನ್ನು ಬೆಳಕಿನಿಂದ ಸ್ವಲ್ಪ ತಿರುಗಿಸಿ ನೋಡಿ, ಒಂದು ಕೋನದಲ್ಲಿ ಹೊಳಪು ಹೋಗುತ್ತದೆ. ಫಿಲ್ಟರ್ ಮಾತ್ರ ಹಾಕಬೇಡಿ, ಇಂಟರ್‌ವ್ಯೂನಲ್ಲಿ ಮೂಲವನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ.